ಕಾಗಿಣಾ ತೀರದಲ್ಲೊಂದು ಕಾಗದದ ಶೋಧ

ಪ್ರವಾಸ ಹೊರಡುವವರ ಉದ್ದೇಶಗಳು ನಾನಾ ತೆರನಾಗಿರುತ್ತವೆ. ಕೆಲವರು ದೇವರ ದರ್ಶನಕ್ಕೆ ಹೊರಡುತ್ತಾರೆ; ಕೆಲವರು ಬಂಧುಗಳ ಮದುವೆಗೆ; ಇನ್ನು ಕೆಲವರು ಸುಮ್ಮನೆ ಬೇಸರ ಕಳೆಯುವುದಕ್ಕೆ. ನಮ್ಮಂತಹ ಕನ್ನಡ ಅಧ್ಯಾಪಕರಿಗಂತೂ ಒಂದು ಶಾಸನದ ನೆವ ಸಿಕ್ಕಿದರೆ ಸಾಕು, ಬಿಸಿಲನ್ನೂ ಧೂಳನ್ನೂ ಲೆಕ್ಕಿಸದೆ ಹೊರಟುಬಿಡುತ್ತೇವೆ. ಆದರೆ ಕಳೆದ ಮಾಘಮಾಸದಲ್ಲಿ ನಾನು ಕಲಬುರಗಿಯಿಂದ ಚಿಂಚೋಳಿಯವರೆಗೆ ಮಾಡಿದ ಪ್ರಯಾಣ ಈ ಯಾವ ಗುಂಪಿಗೂ ಸೇರಿದ್ದಲ್ಲ. ನಾನು ಹುಡುಕಿಕೊಂಡು ಹೋದದ್ದು ಐದು ವರ್ಷಗಳ ಹಿಂದಿನ ಒಂದು ಆಸ್ಪತ್ರೆಯ ಚೀಟಿಯನ್ನು. ಅದರ ಮೇಲೆ ಬರೆದಿರಬಹುದಾದ ಒಂದೆರಡು ಅಂಕೆಗಳನ್ನು.

ಸಂಗತಿ ಹೀಗಿದೆ. ನನ್ನ ಅಕ್ಕನನ್ನು ಚಿಂಚೋಳಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಐದು ವರ್ಷಗಳ ಹಿಂದೆ ಆಕೆಯ ಎಡ ಸ್ತನದಲ್ಲಿ ಗಡ್ಡೆಯಾಗಿ, ದೂರದ ಒಂದು ನಗರದಲ್ಲಿ ಶಸ್ತ್ರಚಿಕಿತ್ಸೆ, ಔಷಧ, ವಿಕಿರಣ ಎಲ್ಲವೂ ಆದವು. ಆಕೆ ಗುಣವಾಗಿ ಊರಿಗೆ ಮರಳಿ, ರೊಟ್ಟಿ ಬಡಿದು, ತೊಗರಿ ಹೊಲದಲ್ಲಿ ಕಳೆ ತೆಗೆದು ಎಲ್ಲರಂತೆ ಬಾಳಿದಳು. ಈಗ ರೋಗವು ಮತ್ತೆ ತಲೆಯೆತ್ತಿತ್ತು. ಕಲಬುರಗಿಗೆ ಕರೆತಂದು ತೋರಿಸಿದಾಗ ವೈದ್ಯರು ಮೊದಲು ಕೇಳಿದ್ದು ಗಡ್ಡೆಯ ಮಾತನ್ನಲ್ಲ.

“ಮೆಟ್ಟಿಲು ಹತ್ತಿದರೆ ಏನಾಗುತ್ತದೆ, ತಾಯಿ?”

“ದಮ್ಮ ಹತ್ತತದರಿ. ವಯಸ್ಸಾತಲ್ಲರಿ, ಅದಕ್ಕ” ಎಂದಳು ಅಕ್ಕ.

ಐವತ್ತೆರಡು ದಮ್ಮು ಹತ್ತುವ ವಯಸ್ಸಲ್ಲ. ಕಾಲಿನ ಬಾವನ್ನು ಒತ್ತಿ ನೋಡಿದ ವೈದ್ಯರು ಎಕೋ ಪರೀಕ್ಷೆ ಮಾಡಿಸಿದರು. ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೂ ನೂರರಲ್ಲಿ ಎಷ್ಟು ಪಾಲು ಹೊರಗೆ ಹೋಗುತ್ತದೆಂಬುದನ್ನು ಆ ಪರೀಕ್ಷೆ ಹೇಳುತ್ತದೆ. ಆರೋಗ್ಯವಂತರಲ್ಲಿ ಅದು ಸುಮಾರು 55ರಿಂದ 70ರವರೆಗೆ ಇರುತ್ತದೆ. ಅಕ್ಕನಿಗೆ 48 ಬಂದಿತು.

“ಹಿಂದೆ ಕೆಂಪು ಬಣ್ಣದ ಔಷಧ ಕೊಟ್ಟಿದ್ದರೇ? ಎಷ್ಟು ಸಲ? ಒಟ್ಟು ಎಷ್ಟು ಮಿಲಿಗ್ರಾಂ? ಚಿಕಿತ್ಸೆಗೆ ಮುಂಚೆ ಹೃದಯ ಹೇಗಿತ್ತು?” ಎಂದು ವೈದ್ಯರು ಕೇಳಿದರು. ಅಕ್ಕ ಎಂಟು ಸಲವೆಂದಳು. ಫೋನು ಮಾಡಿದರೆ ಮಾಮಾ ನಾಲ್ಕು ಸಲವೆಂದರು. “ಕಾಗದ ಅವ ನೋಡಪ, ಖರೆ ಯಾವ್ದು ಯಾವ್ದಂತ ತಿಳೀವಲ್ದು” ಎಂದೂ ಸೇರಿಸಿದರು. ಹಳೆಯ ಆಸ್ಪತ್ರೆಯನ್ನು ವಿಚಾರಿಸಿದರೆ ಹಳೆಯ ಕಡತ ಸಿಗುವುದು ಕಷ್ಟವೆಂಬ ಉತ್ತರ ಬಂದಿತು. ಮರುದಿನ ಬೆಳಿಗ್ಗೆ ನಾನು ಕಲಬುರಗಿ ನಿಲ್ದಾಣದಲ್ಲಿ ವಾಡಿಯ ಕಡೆಯ ಗಾಡಿಯನ್ನು ಹತ್ತಿದೆನು.

ಕಿಟಕಿಯ ಹೊರಗೆ ಕಪ್ಪು ನೆಲ. ತೊಗರಿಯ ಒಕ್ಕಣೆ ಮುಗಿದು ಕಟ್ಟಿಗೆಯ ಮೆದೆಗಳು ಅಲ್ಲಲ್ಲಿ ನಿಂತಿದ್ದವು. ನಡುವೆ ಬಿಳಿಜೋಳ ತೆನೆದೂಗುತ್ತಿತ್ತು. ಶಹಾಬಾದ ಬರುವ ಹೊತ್ತಿಗೆ ನೆಲದ ಬಣ್ಣವೇ ಬದಲಾಯಿತು. ಕಲ್ಲುಗಣಿಗಳ ಬಾಯಿಗಳು, ಅವುಗಳ ಅಂಚಿನಲ್ಲಿ ಒಂದರ ಮೇಲೊಂದು ಒರಗಿಸಿಟ್ಟ ಫರಸಿ ಕಲ್ಲುಗಳು. ಕರ್ನಾಟಕದಲ್ಲಿಯೂ ಅದರಾಚೆಗೂ ಎಷ್ಟೋ ಮನೆಗಳ ಪಡಸಾಲೆಗೆ, ನಿಲ್ದಾಣಗಳ ಕಟ್ಟೆಗೆ ಈ ಊರಿನ ಹೆಸರು ಹೊತ್ತ ಹಾಸುಗಲ್ಲೇ ನೆಲವಾಗಿದೆ. ಪದರದ ಮೇಲೆ ಪದರವಾಗಿ ಕೂತ ಈ ಕಲ್ಲನ್ನು ಕೆಲಸಗಾರರು ಉಳಿಯಿಟ್ಟು ಹಾಳೆಯಂತೆ ಎಬ್ಬಿಸುತ್ತಾರೆ.

ಅಕ್ಕನಿಗೆ ಕೊಟ್ಟ ಔಷಧದ ಹಾನಿಯೂ ಹೀಗೆಯೇ ಪದರ ಪದರವಾಗಿ ಕೂಡುವಂಥದು. ಅದರ ಹೆಸರು ಡಾಕ್ಸೋರುಬಿಸಿನ್. ಅದರ ಹುಟ್ಟಿನ ಕಥೆ ಸ್ವಾರಸ್ಯವಾದುದು. ಇಟಲಿ ದೇಶದ ದಕ್ಷಿಣದಲ್ಲಿ ಕಾಸ್ಟೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಸುತ್ತಲಿನ ಮಣ್ಣಿನಲ್ಲಿ 1950ರ ದಶಕದಲ್ಲಿ ವಿಜ್ಞಾನಿಗಳಿಗೆ ಒಂದು ಸೂಕ್ಷ್ಮಜೀವಿ ದೊರೆಯಿತು. ಅದು ಮಾಣಿಕ್ಯದಂತಹ ಕೆಂಪು ವಸ್ತುವೊಂದನ್ನು ಸ್ರವಿಸುತ್ತಿತ್ತು. ಅದೇ ಜೀವಿಯ ಬದಲಾದ ತಳಿಯಿಂದ 1960ರ ದಶಕದಲ್ಲಿ ದೊರೆತದ್ದು ಡಾಕ್ಸೋರುಬಿಸಿನ್. ಸಮೀಪದ ಏಡ್ರಿಯಾಟಿಕ್ ಕಡಲಿನ ನೆನಪಿಗೆ ಅದನ್ನು ಏಡ್ರಿಯಾಮೈಸಿನ್ ಎಂದೂ ಕರೆದರು. ಸ್ತನದ ಕ್ಯಾನ್ಸರು, ರಕ್ತದ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರು, ಮಕ್ಕಳ ಮೂಳೆಯ ಕ್ಯಾನ್ಸರು ಇವುಗಳಲ್ಲೆಲ್ಲ ಅಸಂಖ್ಯ ಜೀವಗಳನ್ನು ಉಳಿಸಿದ ಔಷಧವಿದು.

ಆದರೆ ಅದಕ್ಕೊಂದು ಋಣವಿದೆ. ಅದು ಹೃದಯದ ಸ್ನಾಯುವನ್ನು ನೋಯಿಸುತ್ತದೆ. ದೇಹದ ಬೇರೆ ಎಷ್ಟೋ ಕೋಶಗಳು ಸತ್ತರೆ ಹೊಸವು ಹುಟ್ಟುತ್ತವೆ. ಉದುರಿದ ಕೂದಲು ಮತ್ತೆ ಬರುವುದು ಅದಕ್ಕೇ. ಹೃದಯದ ಸ್ನಾಯುಕೋಶಗಳು ಹಾಗಲ್ಲ, ಹೋದದ್ದು ಹೆಚ್ಚುಕಡಿಮೆ ಹೋದಂತೆಯೇ. ಈ ಔಷಧದ ಒಟ್ಟು ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚುವುದೆಂದು 1979ರಲ್ಲಿ ಅಮೆರಿಕೆಯ ವೈದ್ಯರು ಸಾವಿರಾರು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ತೋರಿಸಿದರು. 2003ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ ಮತ್ತಷ್ಟು ಕಟುವಾದುದು. ಮೈಯ ಹೊರಮೈಯಳತೆಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಪಡೆದವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಹೃದಯ ಸೋಲುವ ಸ್ಥಿತಿ ಬಂದರೆ, 550 ಪಡೆದವರಲ್ಲಿ 26 ಮಂದಿಗೆ, 700 ಪಡೆದವರಲ್ಲಿ 48 ಮಂದಿಗೆ ಬರುವುದೆಂದು ಅಂದಾಜು. ಐದು ವರ್ಷ ಕಳೆದರೂ, ಹತ್ತು ವರ್ಷ ಕಳೆದರೂ, ಊರು ಬದಲಾದರೂ, ವೈದ್ಯರು ಬದಲಾದರೂ ಈ ಲೆಕ್ಕ ಸೊನ್ನೆಗೆ ಹಿಂದಿರುಗುವುದಿಲ್ಲ. ಹೊಸ ಪ್ರಮಾಣವನ್ನು ಹಳೆಯದರ ಮೇಲೆಯೇ ಕೂಡಿಸಬೇಕು. ಅಕ್ಕ ಹೇಳಿದಂತೆ ಎಂಟು ಸಲವಾಗಿದ್ದರೆ ಒಂದು ಲೆಕ್ಕ, ಮಾಮಾ ಹೇಳಿದಂತೆ ನಾಲ್ಕಾಗಿದ್ದರೆ ಇನ್ನೊಂದು. ನನ್ನ ಪ್ರಯಾಣದ ಅರ್ಥವೆಲ್ಲ ಆ ನಾಲ್ಕಕ್ಕೂ ಎಂಟಕ್ಕೂ ನಡುವೆ ಇತ್ತು.

ವಾಡಿಯಲ್ಲಿ ಗಾಡಿ ಬದಲಾಯಿಸಬೇಕಾಯಿತು. ಸಿಮೆಂಟಿನ ಧೂಳು ಹೊದ್ದ ಊರು. ಚಹದ ಲೋಟದ ಅಂಚಿಗೂ ಅದರ ತೆಳುಪದರ ಕೂತಿರುತ್ತದೆ. ಮುಂಬಯಿ ಮತ್ತು ಮದರಾಸುಗಳ ದೊಡ್ಡ ಹಾದಿಗೆ ನಿಜಾಮರ ರೈಲುದಾರಿ ಬಂದು ಕೂಡಿದ್ದು ಇಲ್ಲಿಯೇ, 1874ರಲ್ಲಿ. ಅಂದಿನಿಂದ ಸೇಡಂ, ಚಿತ್ತಾಪುರಗಳ ಜನಕ್ಕೆ ಹೈದರಾಬಾದು ಹತ್ತಿರವಾಯಿತು. ಕ್ಯಾನ್ಸರು ಕಂಡವರು ಅಲ್ಲಿ 1955ರಲ್ಲಿ ತೆರೆದ ಮೆಹದಿ ನವಾಜ್ ಜಂಗ್ ಆಸ್ಪತ್ರೆಗೋ, ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೋ ಹೋಗುತ್ತಿದ್ದ ಕಾಲವೊಂದಿತ್ತು. ಇಂದು ಕಲಬುರಗಿಯಲ್ಲಿಯೇ ಕಿದ್ವಾಯಿಯ ಶಾಖೆ ಇದೆ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಕಟ್ಟಡವೂ 2024ರ ಡಿಸೆಂಬರಿನಲ್ಲಿ ಅಲ್ಲಿ ಉದ್ಘಾಟನೆಯಾಯಿತು.

ಒಂದೇ ಊರಿನಲ್ಲಿ ಕ್ಯಾನ್ಸರಿನ ಆಸ್ಪತ್ರೆಯೂ ಇದೆ, ಹೃದಯದ ಆಸ್ಪತ್ರೆಯೂ ಇದೆ. ಎರಡು ಹಳಿಗಳು ಇದ್ದಮಾತ್ರಕ್ಕೆ ಸಾಲದು, ಅವು ಕೂಡುವ ಒಂದು ಜಂಕ್ಷನ್ ಬೇಕು. ವೈದ್ಯಲೋಕಕ್ಕೆ ಈ ಅರಿವು ಬಂದದ್ದು ಈಚೆಗೆ. ಕ್ಯಾನ್ಸರು ರೋಗಿಗಳ ಹೃದಯರಕ್ಷಣೆ ಎಂಬುದೇ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದು, ಯುರೋಪಿನ ಹೃದ್ರೋಗತಜ್ಞರ ಸಂಘವು ಆ ವಿಷಯಕ್ಕೇ ಮೀಸಲಾದ ತನ್ನ ಮೊದಲ ಪೂರ್ಣ ಮಾರ್ಗಸೂಚಿಯನ್ನು 2022ರಲ್ಲಿ ಹೊರತಂದಿತು. ಚಿಕಿತ್ಸೆಗೆ ಮೊದಲೇ ಹೃದಯವನ್ನು ಅಳೆದು ಬರೆದಿಡಬೇಕು. ರಕ್ತದೊತ್ತಡ, ಸಕ್ಕರೆ, ತಂಬಾಕು ಇವುಗಳ ವಿಚಾರಣೆ ಮಾಡಬೇಕು. ನಡುವೆಯೂ ಮುಗಿದ ಮೇಲೂ ಮತ್ತೆ ಅಳೆಯಬೇಕು ಎಂಬುದು ಅದರ ಸಾರ.

ವಾಡಿಯಿಂದ ಮುಂದೆ ಚಿತ್ತಾಪುರ. ಗಾಡಿ ನಿಂತಷ್ಟು ಹೊತ್ತು ನನ್ನ ಮನಸ್ಸು ಊರಾಚೆಯ ನಾಗಾವಿಗೆ ಹೋಯಿತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಎರಡು ಮೂರು ಸಲ ಅಲ್ಲಿಗೆ ಹೋಗಿದ್ದೇನೆ. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕುಳಿತು, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿದ್ದ ಘಟಿಕಾಸ್ಥಾನದ ಕಥೆ ಹೇಳಿದ್ದೇನೆ. 1058ರ ಇಲ್ಲಿಯ ಶಾಸನವು ಓದುವವರ, ಓದಿಸುವವರ ಲೆಕ್ಕ ಕೊಡುವುದಷ್ಟೇ ಅಲ್ಲ, ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಎಂದರೆ ಗ್ರಂಥಗಳನ್ನು ಕಾಯುವವರನ್ನೂ ಹೆಸರಿಸುತ್ತದೆ. ಬರೆದದ್ದನ್ನು ಕಾಪಾಡುವುದೂ ಒಂದು ಉದ್ಯೋಗ, ಅದಕ್ಕೂ ವೃತ್ತಿ ಬೇಕು ಎಂದು ಸುಮಾರು ಸಾವಿರ ವರ್ಷದ ಹಿಂದೆ ತಿಳಿದಿದ್ದ ನಾಡು ಇದು. ಅದೇ ನಾಡಿನ ಹೆಣ್ಣುಮಗಳ ಮೈಗೆ ಏನು ಎಷ್ಟು ಹೋಯಿತೆಂಬ ಐದು ವರ್ಷದ ಹಿಂದಿನ ಬರಹ ಇಂದು ಎಲ್ಲಿದೆಯೋ ತಿಳಿಯದು. ಈ ವಿಚಾರ ಅಂದು ನನ್ನನ್ನು ಸುಮ್ಮನಿರಗೊಡಲಿಲ್ಲ.

ಸೇಡಂನಲ್ಲಿ ಇಳಿದಾಗ ಹೊತ್ತು ನೆತ್ತಿಗೇರಿತ್ತು. ಪಂಚಲಿಂಗೇಶ್ವರನ ಗುಡಿಯನ್ನೂ ಹಳೆಯ ಬಸದಿಯನ್ನೂ ನೋಡುವ ವ್ಯವಧಾನ ಈ ಸಲ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಒಂದು ಬುತ್ತಿ ಬಿಚ್ಚಿಕೊಂಡು ಕುಳಿತ ತಾಯಿ ಮಗಳು ಕಲಬುರಗಿಯ ಬಸ್ಸಿಗೆ ಕಾಯುತ್ತಿದ್ದರು. ತಾಯಿಯ ತಲೆಗೆ ಸೆರಗು ಬಿಗಿಯಾಗಿ ಸುತ್ತಿತ್ತು; ಮಗಳ ಮಡಿಲಲ್ಲಿ ಆಸ್ಪತ್ರೆಯ ದೊಡ್ಡ ಲಕೋಟೆ. ಆ ಲಕೋಟೆಯ ಗುರುತು ನನಗೆ ಈಗ ದೂರದಿಂದಲೇ ಸಿಕ್ಕುತ್ತದೆ. ಮಾತಿಗೆ ಮಾತು ಬಂದು, ಮಗಳು ಹೇಳಿದಳು: “ಬಸ್ಸಿಗೆ ರೊಕ್ಕ ಇಲ್ಲರಿ ಈಗ, ಹೆಣಮಕ್ಕಳಿಗೆ ಫುಕಟ್ ಆಗ್ಯದ. ಖರೆ ಒಂದ್ ದಿನದ ಕೂಲಿ ಹೋಗ್ತದ. ಬರೇ ಎದಿ ನೋಡ್ಲಿಕ್ಕಂತ ಕರದಾರ. ಹೋಗೂದೋ ಬ್ಯಾಡೋ ಅಂತ ಅವ್ವ ಹೊಯ್ದಾಡಾಕ ಹತ್ಯಾಳ.”

2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆ ಆ ತಾಯಿಯ ಟಿಕೇಟಿನ ಚಿಂತೆ ಕಳೆದಿದೆ, ಕೂಲಿಯ ಚಿಂತೆ ಉಳಿದಿದೆ. ಯಾವ ಔಷಧವೆಂದು ಕೇಳಿ ಲಕೋಟೆ ನೋಡಿದೆನು: ಟ್ರಾಸ್ಟುಜುಮಾಬ್. ಕೆಲವು ಬಗೆಯ ಸ್ತನದ ಕ್ಯಾನ್ಸರಿಗೆ ಅದು ಸಂಜೀವಿನಿಯಂಥದು. ಅದೂ ಕೆಲವರಲ್ಲಿ ಹೃದಯವನ್ನು ಕುಗ್ಗಿಸುತ್ತದೆ. ಆದರೆ ಕೆಂಪು ಔಷಧಕ್ಕೂ ಇದಕ್ಕೂ ಒಂದು ಭೇದವುಂಟು. ಇದರಿಂದಾದ ಕುಗ್ಗು ಬಹುಮಟ್ಟಿಗೆ ಮರಳಿ ಸರಿಹೋಗುವಂಥದು, ಸಕಾಲದಲ್ಲಿ ಕಂಡುಹಿಡಿದರೆ. ಆದ್ದರಿಂದಲೇ ಚಿಕಿತ್ಸೆ ನಡೆಯುವಾಗ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸುತ್ತಾರೆ. “ಎದಿ ನೋಡೂದು ಬರೇ ನೋಡೂದಲ್ಲವ್ವ, ಅದೂ ಔಷಧದಾಗಿನ ಒಂದು ಭಾಗನ. ತಪ್ಪಿಸಬ್ಯಾಡ್ರಿ” ಎಂದು ನನಗೆ ತಿಳಿದ ಮಟ್ಟಿಗೆ ಹೇಳಿದೆನು. ಅವರ ಬಸ್ಸು ಬಂದಿತು, ಇಬ್ಬರೂ ಹತ್ತಿದರು. ಅದನ್ನು ಕಣ್ಣಾರೆ ಕಂಡು ನನಗೆ ಸಮಾಧಾನವಾಯಿತು.

ಚಿಂಚೋಳಿಗೆ ರೈಲಿಲ್ಲ. ಸೇಡಂನಿಂದ ಬಸ್ಸು ಹತ್ತಿದರೆ ಬಯಲು ನಿಧಾನವಾಗಿ ಏರುತ್ತ, ಕಪ್ಪು ಮಣ್ಣಿನಲ್ಲಿ ಕೆಂಪು ಬೆರೆಯುತ್ತ, ದೂರದಲ್ಲಿ ಗುಡ್ಡಗಳ ನೀಲಿ ಕಾಣುತ್ತದೆ. ಬಿಸಿಲ ನಾಡೆಂದು ಹೆಸರಾದ ಈ ಜಿಲ್ಲೆಯಲ್ಲಿ ಸಾಗವಾನಿ ಮತ್ತು ಶ್ರೀಗಂಧ ಬೆಳೆಯುವ ಕಾಡಿದೆ ಎಂದರೆ ಹೊರಗಿನವರು ನಂಬುವುದಿಲ್ಲ. ಆ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಸಾರಿದರು. ಚಂದ್ರಂಪಳ್ಳಿಯ ಜಲಾಶಯದ ನೀರು, ಗೊಟ್ಟಂಗೊಟ್ಟದ ತಂಪು ಇವನ್ನು ಒಮ್ಮೆ ಕಂಡವರು ಮರೆಯಲಾರರು.

ಅಕ್ಕನ ಮನೆಯಲ್ಲಿ ಮಾಮಾ ಬಾಗಿಲಲ್ಲೇ ಕಾದಿದ್ದರು. ನೀರು ಕೊಟ್ಟು, ಬಿಸಿರೊಟ್ಟಿ ಪುಂಡಿಪಲ್ಯ ಬಡಿಸಿ, ಆಮೇಲೆ ತಗಡಿನ ಟ್ರಂಕನ್ನು ಎಳೆದರು. ಮೇಲೆ ಹೊಲದ ಪಹಣಿ, ಬ್ಯಾಂಕಿನ ಪುಸ್ತಕ, ಸೊಸೈಟಿಯ ರಸೀದಿ. ಎಲ್ಲವೂ ದಾರ ಕಟ್ಟಿ ಜೋಡಿಸಿದ್ದವು. ತಳದಲ್ಲಿ ಒಂದು ಕೈಚೀಲ, ಅದರೊಳಗೆ ಅಕ್ಕನ ಆಸ್ಪತ್ರೆಯ ಕಾಗದಗಳ ರಾಶಿ. ನೆಲದ ಕಾಗದಕ್ಕೆ ಇದ್ದ ದಾರ ಜೀವದ ಕಾಗದಕ್ಕೆ ಇರಲಿಲ್ಲ. ಅದಕ್ಕಾಗಿ ಮಾಮಾನನ್ನು ದೂರಲಾರೆ. ಈ ಹಾಳೆ ಎಂದಾದರೂ ಬೇಕಾಗುತ್ತದೆ, ಜೋಪಾನ ಎಂದು ಅವರಿಗೆ ಅಂದು ಯಾರೂ ಹೇಳಿರಲಿಲ್ಲ.

ಶಾಸನ ಓದುವವನ ತಾಳ್ಮೆ ಅಂದು ನನಗೆ ಉಪಕಾರಕ್ಕೆ ಬಂದಿತು. ಕಂದೀಲಿನಂತೆ ಮಿನುಗುತ್ತಿದ್ದ ದೀಪದ ಕೆಳಗೆ, ಮಾಸಿದ ಮಸಿಯನ್ನು ಬೆಳಕಿಗೆ ಹಿಡಿದು, ತಾರೀಖಿನ ಪ್ರಕಾರ ಒಂದೊಂದನ್ನೇ ಜೋಡಿಸಿದೆನು. ರಾತ್ರಿ ಹತ್ತರ ಸುಮಾರಿಗೆ ಕಥೆ ಬಿಚ್ಚಿಕೊಂಡಿತು. ಅಕ್ಕ ಹೇಳಿದ್ದೂ ನಿಜ, ಮಾಮಾ ಹೇಳಿದ್ದೂ ನಿಜ. ಔಷಧಕ್ಕಾಗಿ ಹೋದದ್ದು ಎಂಟು ಸಲ. ಅದರಲ್ಲಿ ಮೊದಲ ನಾಲ್ಕು ಮಾತ್ರ ಕೆಂಪು. ಕಡೆಯ ನಾಲ್ಕು ಬೇರೆ ಔಷಧ. ಮೈಯಳತೆ ಒಂದೂವರೆ ಚದರ ಮೀಟರು, ಪ್ರತಿ ಸಲ 90 ಮಿಲಿಗ್ರಾಂ. ಎಂದರೆ ಚದರ ಮೀಟರಿಗೆ 60. ನಾಲ್ಕು ಸಲಕ್ಕೆ 240. ಎಂಟೂ ಕೆಂಪಾಗಿದ್ದರೆ 480 ಆಗುತ್ತಿತ್ತು. ರಾಶಿಯ ನಡುವೆ ಇನ್ನೂ ಒಂದು ತೆಳ್ಳನೆಯ ಹಾಳೆ: ಮೊದಲ ಔಷಧಕ್ಕೆ ಮುಂಚಿನ ಎಕೋ. ಅಂದು ಹೃದಯದ ಅಂಕೆ 62. ವಿಕಿರಣದ ಚೀಟಿಯೂ ಇತ್ತು: ಎಡಭಾಗ.

ಎಡಭಾಗವೆಂಬುದಕ್ಕೂ ಅರ್ಥವಿದೆ. ಎಡ ಎದೆಗೆ ವಿಕಿರಣ ಕೊಡುವಾಗ ಹಿಂದೆಯೇ ಇರುವ ಹೃದಯಕ್ಕೂ ಒಂದಿಷ್ಟು ತಾಗುತ್ತದೆ. ತಾಗಿದ ಪ್ರಮಾಣ ಹೆಚ್ಚಿದಂತೆ ಮುಂದೆ ಹೃದಯದ ರಕ್ತನಾಳಗಳ ಬೇನೆಯೂ ಹೆಚ್ಚುವುದೆಂದು 2013ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸಿತು. ದೀರ್ಘವಾಗಿ ಉಸಿರೆಳೆದು ಹಿಡಿದುಕೊಂಡರೆ ಪುಪ್ಪುಸ ತುಂಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಆ ಕ್ಷಣದಲ್ಲಿ ಕಿರಣ ಹಾಯಿಸುವ ಉಪಾಯ ಈಗ ಅನೇಕ ಕಡೆ ಬಳಕೆಯಲ್ಲಿದೆ. ಒಂದು ಉಸಿರಿನಷ್ಟು ಸರಳವಾದ ರಕ್ಷೆ ಅದು.

“ಆ ಕೆಂಪ ಔಷಧನ ಎದಿ ಹಾಳ ಮಾಡ್ತದಂದ್ರ, ಯಾಕ ಕೊಟ್ರಪ ತಮ್ಮಾ?” ಎಂದು ಮಾಮಾ ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಪಶ್ಚಾತ್ತಾಪ ಹೆಚ್ಚಾಗಿತ್ತು. ಕರೆದುಕೊಂಡು ಹೋದವರು ಅವರೇ ಅಲ್ಲವೆ? ನಾನು ಹೇಳಿದೆನು: “ಕೊಡದಿದ್ದರ ಈ ಐದು ವರ್ಷ ಸಿಗತಿದ್ದವೋ ಇಲ್ಲೋ, ಮಾಮಾ. ಮಗಳ ಲಗ್ನ ಅಕ್ಕ ನಿಂತು ಮಾಡಿದ್ಳು.” ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು, ಪಹಣಿಗೆ ಕಟ್ಟಿದ್ದ ದಾರವನ್ನು ಬಿಚ್ಚಿ ಅಕ್ಕನ ಕಾಗದಗಳಿಗೆ ಕಟ್ಟಿ ಕೊಟ್ಟರು.

ಮರುದಿನ ಬಸ್ಸಿನಲ್ಲಿಯೇ ಹಿಂದಿರುಗಿದೆನು. ದಾರಿಯಲ್ಲಿ ಮಳಖೇಡ, ಕಾಗಿಣೆಯ ದಂಡೆಯ ಮೇಲೆ ಕೋಟೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ ಅಮೋಘವರ್ಷ ನೃಪತುಂಗನ ಆಸ್ಥಾನ ಇಲ್ಲಿಯದು. ಪಾಠ ಹೇಳುವಾಗ ನಾವು ಸಾಹಿತ್ಯದ ಮಾತಿಗೇ ನಿಲ್ಲುತ್ತೇವೆ. ಆ ಸಭೆಯಲ್ಲಿ ವೈದ್ಯವೂ ಇತ್ತು. ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಜೈನ ಆಚಾರ್ಯ ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ ಮಾಡಿದ ಉಪನ್ಯಾಸವೊಂದು ಆ ಗ್ರಂಥದ ಕೊನೆಗೆ ಸೇರಿದೆ. ಅದರ ವಿಷಯ ಮಾಂಸಾಹಾರದ ನಿಷೇಧ. ಅದರ ಹೆಸರು ಹಿತಾಹಿತಾಧ್ಯಾಯ. ಹಿತ, ಅಹಿತ. ಅಕ್ಕನ ಕಾಗದದ ಕಟ್ಟು ತೊಡೆಯ ಮೇಲಿದ್ದಾಗ ಆ ಎರಡು ಪದಗಳು ಬೇರೆಯಾಗಿಯೇ ಕೇಳಿಸಿದವು. ಒಂದೇ ವಸ್ತುವಿನಲ್ಲಿ ಎರಡೂ ಇರಬಹುದು; ಎಷ್ಟು, ಯಾವಾಗ, ಯಾರಿಗೆ ಎಂಬ ಲೆಕ್ಕವೇ ಅವನ್ನು ಬೇರೆ ಮಾಡುವುದು.

ವೈದ್ಯರು ಕಾಗದಗಳನ್ನು ನಿಧಾನವಾಗಿ ನೋಡಿದರು. ಅರವತ್ತೆರಡರಿಂದ ನಲವತ್ತೆಂಟಕ್ಕೆ ಇಳಿದದ್ದು ನಿಜವಾದ ಇಳಿತ. ಹಳೆಯ ಅಂಕೆ ಇಲ್ಲದಿದ್ದರೆ ಆಕೆಯ ಹೃದಯ ಮೊದಲಿನಿಂದಲೂ ಹೀಗೆಯೇ ಇತ್ತೇನೋ ಎಂಬ ಸಂದೇಹ ಉಳಿಯುತ್ತಿತ್ತು ಎಂದರು. “480 ಆಗಿದ್ದರೆ ಕೆಂಪು ಔಷಧದ ಬಾಗಿಲು ಮುಚ್ಚಿದಂತೆಯೇ. 240 ಆದ್ದರಿಂದ ಖಾತೆಯಲ್ಲಿ ಸ್ವಲ್ಪ ಉಳಿದಿದೆ. ಆದರೆ ಹೃದಯ ಈ ಸ್ಥಿತಿಯಲ್ಲಿರುವಾಗ ಅದನ್ನು ಮುಟ್ಟುವುದು ಬೇಡ” ಎಂದು, ಹೃದ್ರೋಗತಜ್ಞರೊಡನೆ ಮಾತಾಡಿ, ಹೃದಯದ ಹೊರೆ ಇಳಿಸುವ ಮಾತ್ರೆಗಳನ್ನು ಅಂದೇ ಆರಂಭಿಸಿದರು. ಕ್ಯಾನ್ಸರಿಗೆ ವಾರಕ್ಕೊಮ್ಮೆ ಕೊಡುವ ಬೇರೊಂದು ಔಷಧವನ್ನು ಆರಿಸಿದರು. ಉಪ್ಪು ಕಡಿಮೆ ಮಾಡಲು, ಆದಷ್ಟು ನಡೆಯಲು, ಮೇಲಿಂದ ಮೇಲೆ ತೂಕ ನೋಡಿಕೊಳ್ಳಲು ಹೇಳಿದರು. ಏದುಸಿರು, ಮಲಗಿದರೆ ಕಟ್ಟುವ ಉಸಿರು, ಕಾಲುಬಾವು, ಎದೆಡವ ಇವುಗಳಲ್ಲಿ ಯಾವುದು ಕಂಡರೂ ವಯಸ್ಸಿನ ಮೇಲೆ ಹಾಕದೆ ಕೂಡಲೇ ಬರಬೇಕು. ಆದರೆ ಹೆದರಿ ತಾವಾಗಿಯೇ ಯಾವ ಔಷಧವನ್ನೂ ನಿಲ್ಲಿಸಬಾರದು ಎಂದು ಎರಡೆರಡು ಸಲ ಎಚ್ಚರಿಸಿದರು.

ಮೂರು ತಿಂಗಳ ಬಳಿಕ ಮತ್ತೆ ಎಕೋ ಆಯಿತು. ಅಂಕೆ 53 ಬಂದಿತು. ರೋಗದೊಡನೆ ಅಕ್ಕನ ಹೋರಾಟ ಮುಗಿದಿಲ್ಲ. ಮುಗಿಯಿತೆಂದು ಹೇಳುವ ಧೈರ್ಯ ನನಗೂ ಇಲ್ಲ, ವೈದ್ಯರಿಗೂ ಇಲ್ಲ. ಆದರೆ ನಮ್ಮ ಮನೆಯ ಹದಿನಾಲ್ಕು ಮೆಟ್ಟಿಲುಗಳನ್ನು ಈಗ ಆಕೆ ನಡುವೆ ಒಮ್ಮೆಯೂ ನಿಲ್ಲದೆ ಹತ್ತುತ್ತಾಳೆ.

ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿಯೂ ಇಂತಹ ಚಿಕಿತ್ಸೆ ಪಡೆದವರಿದ್ದರೆ, ಆಸ್ಪತ್ರೆ ಬಿಡುವ ದಿನ ಔಷಧದ ಹೆಸರು, ಒಟ್ಟು ಪ್ರಮಾಣ, ವಿಕಿರಣ ಬಿದ್ದ ಭಾಗ, ಹೃದಯದ ಅಂಕೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿರಿ. ಬಾಲ್ಯದಲ್ಲಿ ಚಿಕಿತ್ಸೆ ಪಡೆದ ಮಕ್ಕಳಿಗಂತೂ ದೊಡ್ಡವರಾದ ಮೇಲೂ ಅದು ಬೇಕು. ಅವರ ತೊಂದರೆ ಹತ್ತಿಪ್ಪತ್ತು ವರ್ಷಗಳ ಮೇಲೂ ಕಾಣಿಸಿಕೊಳ್ಳಬಹುದು. ಆ ಹಾಳೆಯನ್ನು ಹೊಲದ ಪಹಣಿಯ ಜೊತೆಗೇ ಇಡಿರಿ. ಚಿಂಚೋಳಿಯ ಆ ಮನೆಯ ಟ್ರಂಕಿನಲ್ಲಿ ಅಕ್ಕನ ಕಾಗದಗಳು ಈಗ ಎಲ್ಲಕ್ಕಿಂತ ಮೇಲೆ ಇವೆ. ಕಳೆದ ವಾರ ಹೋದಾಗ ನೋಡಿದೆನು. ಮಾಮಾ ಪಹಣಿಗೆ ಬೇರೆ ದಾರ ಕಟ್ಟಿದ್ದಾರೆ.